ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ನಲ್ಲಿ ಎಡವುವುದು ಎಲ್ಲಿ?

ಅಮೆರಿಕನ್ ಫುಟ್‌ಬಾಲ್‌ನ ಒಂದೇ ಪಂದ್ಯದಲ್ಲಿ 11 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಕೊನೆಯ ವಲಯ ಮುಟ್ಟಿ ಅಂಕ ತಂದ 11 ಎಸೆತ. 1990ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಡೇವಿಡ್ ಕ್ಲಿಂಗ್ಲರ್ ಈಸ್ಟರ್ನ್ ವಾಷಿಂಗ್ಟನ್ ವಿರುದ್ಧ ಇದನ್ನು ಮಾಡಿದರು. ಆ ಸೀಸನ್‌ನಲ್ಲಿ ಅವರು ಎಸೆದದ್ದು ಒಟ್ಟು 54. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 1992ರ ಡ್ರಾಫ್ಟ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಆರನೇ ಆಯ್ಕೆಯಾಗಿ ಅವರನ್ನು ತೆಗೆದುಕೊಂಡಿತು. ಎನ್‌ಎಫ್‌ಎಲ್‌ನ ಇಡೀ ವೃತ್ತಿಜೀವನದಲ್ಲಿ ಅವರ ಟಚ್‌ಡೌನ್ ಪಾಸ್‌ಗಳು 16. ಇನ್ನೊಬ್ಬರು, ಟೆಕ್ಸಸ್ ಟೆಕ್‌ನ ಬಿ.ಜೆ. ಸೈಮನ್ಸ್, 2003ರಲ್ಲಿ ಒಂದೇ ಸೀಸನ್‌ಗೆ 5,833 ಗಜ ಎಸೆದು ದಾಖಲೆ ಮಾಡಿದರು. ಡ್ರಾಫ್ಟ್‌ನ ಏಳನೇ, ಅಂದರೆ ಕೊನೆಯ ಸುತ್ತಿನವರೆಗೂ ಅವರನ್ನು ಯಾರೂ ಕೇಳಲಿಲ್ಲ. ಆ ದಾಖಲೆ ಮುರಿದದ್ದು 2021ರಲ್ಲಿ, ವೆಸ್ಟರ್ನ್ ಕೆಂಟಕಿಯ ಬೇಲಿ ಜ್ಯಾಪಿ: 5,967 ಗಜ, 62 ಟಚ್‌ಡೌನ್. ಅವರು ಹೋದದ್ದು ನಾಲ್ಕನೇ ಸುತ್ತಿನಲ್ಲಿ.

ಅಮೆರಿಕದಲ್ಲಿರುವ ನಿಮ್ಮಲ್ಲಿ ಹಲವರು ಶನಿವಾರ ಮಕ್ಕಳ ಕಾಲೇಜಿನ ಸ್ಟೇಡಿಯಂನಲ್ಲಿ ಕೂಗಿ, ಭಾನುವಾರ ಟಿವಿ ಮುಂದೆ ಎನ್‌ಎಫ್‌ಎಲ್ ನೋಡುವವರು. ಶನಿವಾರದ ವೀರ ಭಾನುವಾರ ಮಂಕಾಗುವುದನ್ನು ಕಂಡಿದ್ದೀರಿ. ಅದಕ್ಕೆ ನಾವೆಲ್ಲ ತಟ್ಟನೆ ಕೊಡುವ ಕಾರಣವೂ ಒಂದಿದೆ. ಹುಡುಗನಿಗೆ ದುಡ್ಡು ಬಂತು, ತಲೆ ತಿರುಗಿತು, ಶ್ರಮ ಹಾಕಲಿಲ್ಲ. ಅಂಥವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಬೆಳಗ್ಗೆ ಆರಕ್ಕೇ ಬಂದು ವಿಡಿಯೊ ನೋಡುತ್ತ ಕೂರುವ ಹುಡುಗರೂ ಸೋಲುತ್ತಾರಲ್ಲ, ಅದು ಹೇಗೆ? ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಮಾಡುವ ಕೆಲಸ ಒಂದು, ಎನ್‌ಎಫ್‌ಎಲ್‌ನಲ್ಲಿ ಅದೇ ಹೆಸರಿನ ಕೆಲಸ ಇನ್ನೊಂದು. ಅದನ್ನು ಕಲಿಸುವ ಶಕ್ತಿ ತೀರಾ ಕಡಿಮೆ ಇರುವ ತಂಡಕ್ಕೇ ಅವನು ಹೋಗಿ ಬೀಳುವಂತೆ ಡ್ರಾಫ್ಟ್ ಇದೆ. ನನ್ನ ಮಾತೆಲ್ಲ ಈ ಎರಡರ ಸುತ್ತಲೇ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದು ಕಡೆ 11 ಜನ, ನಾಲ್ಕು ಯತ್ನಗಳಲ್ಲಿ ಚೆಂಡನ್ನು 10 ಗಜ ಮುಂದೊಯ್ಯಬೇಕು. ಪ್ರತಿ ಯತ್ನವೂ ಸೆಂಟರ್ ಕಾಲಿನ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವ ಸ್ನ್ಯಾಪ್‌ನಿಂದ ಶುರು. ಅದನ್ನು ಪಡೆಯುವವನು ಕ್ವಾರ್ಟರ್‌ಬ್ಯಾಕ್. ಐವರು ಲೈನ್‌ಮನ್‌ಗಳು ಅವನನ್ನು ಕಾಯುತ್ತಾರೆ, ರಿಸೀವರ್‌ಗಳು ಓಡುತ್ತಾರೆ, ಅವನು ಎಸೆಯುತ್ತಾನೆ ಅಥವಾ ಓಟಗಾರನಿಗೆ ಚೆಂಡು ಕೊಡುತ್ತಾನೆ. ಎಸೆಯುವ ಮೊದಲೇ ಎದುರಾಳಿ ಅವನನ್ನು ಕೆಡವಿದರೆ ಅದು ಸ್ಯಾಕ್.

ಮೊದಲು ನೆಲ ನೋಡೋಣ. ಎರಡೂ ಕಡೆ ಅಂಗಳದ ಅಗಲ ಒಂದೇ, 160 ಅಡಿ. ಅಂಗಳದ ಮಧ್ಯೆ ಪುಟ್ಟ ಗೆರೆಗಳ ಎರಡು ಸಾಲು ಕಾಣುತ್ತವಲ್ಲ, ಹ್ಯಾಶ್ ಮಾರ್ಕ್, ವ್ಯತ್ಯಾಸ ಇರುವುದು ಅಲ್ಲಿ. ಚೆಂಡು ಬದಿಯಲ್ಲಿ ಸತ್ತರೆ ಮುಂದಿನ ಸ್ನ್ಯಾಪ್‌ಗೆ ಅದನ್ನು ಹತ್ತಿರದ ಹ್ಯಾಶ್ ಮೇಲೆ ತಂದಿಡುತ್ತಾರೆ. ಕಾಲೇಜಿನಲ್ಲಿ ಎರಡು ಸಾಲುಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಲೆಕ್ಕ ಹಾಕಿ. ಕಾಲೇಜಿನಲ್ಲಿ ಚೆಂಡು ಎಡ ಹ್ಯಾಶ್ ಮೇಲಿದ್ದರೆ ಎಡಕ್ಕೆ 60 ಅಡಿ ಜಾಗ, ಬಲಕ್ಕೆ 100 ಅಡಿ. ಎನ್‌ಎಫ್‌ಎಲ್‌ನಲ್ಲಿ ಎಷ್ಟೇ ಓರೆಯಾದರೂ ಒಂದು ಕಡೆ ಸುಮಾರು 71, ಇನ್ನೊಂದು ಕಡೆ 89.

ಇದು ಬರೀ ಗೆರೆಯ ವಿಷಯವಲ್ಲ. ಆ 100 ಅಡಿ ಬಯಲಿನ ಕಡೆಗೆ ಕಾಲೇಜು ಕೋಚ್ ಮೂವರು ರಿಸೀವರ್‌ಗಳನ್ನು ನಿಲ್ಲಿಸುತ್ತಾನೆ. ರಕ್ಷಣೆಯವರು ಏನಾದರೂ ಮಾಡಲೇಬೇಕು. ಮಧ್ಯದ ಲೈನ್‌ಬ್ಯಾಕರ್ (ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವವನು) ಬಯಲಿನತ್ತ ಸರಿದರೆ ನಡುವೆ ಆರು ಜನರ ಬದಲು ಐವರು. ಓಟಗಾರನಿಗೆ ಚೆಂಡು ಕೊಡು. ಅವನು ಸರಿಯದಿದ್ದರೆ ಬಯಲಲ್ಲಿ ಮೂವರ ಎದುರು ಇಬ್ಬರು. ಪಕ್ಕಕ್ಕೆ ಪುಟ್ಟ ಪಾಸ್ ಎಸೆ. ಉತ್ತರ ಸ್ನ್ಯಾಪ್‌ಗೆ ಮೊದಲೇ ಕಣ್ಣೆದುರಿಗಿದೆ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಯಾವಾಗಲೂ ಹೆಚ್ಚುಕಡಿಮೆ ನಡುವೆಯೇ ಇರುವುದರಿಂದ ರಕ್ಷಣೆ ಯಾವ ಕಡೆಗೂ ವಾಲಬೇಕಾಗಿಲ್ಲ. ಹಿಂದಿನ ಇಬ್ಬರು ಸೇಫ್ಟಿಗಳು ಸಮಸಮವಾಗಿ ನಿಂತು, ಏನನ್ನೂ ಬಿಟ್ಟುಕೊಡದೆ, ಸ್ನ್ಯಾಪ್ ಆದ ಮೇಲೆ ತಮಗೆ ಬೇಕಾದಲ್ಲಿಗೆ ತಿರುಗಬಹುದು. ಆ ತಿರುಗುವಿಕೆಯೇ ಹೊಸ ಹುಡುಗರನ್ನು ಕೆಡಿಸುವುದು. ಅದಕ್ಕೆ ಆಮೇಲೆ ಬರುತ್ತೇನೆ.

ನಿಯಮದಲ್ಲಿ ಇನ್ನೊಂದು ಚಿಕ್ಕ ಅಂತರವಿದೆ, ಪರಿಣಾಮ ದೊಡ್ಡದು. ಆರ್‌ಪಿಒ (ರನ್-ಪಾಸ್ ಆಪ್ಷನ್, ಓಟವೋ ಪಾಸೋ) ಎನ್ನುವ ಆಟ ಈಗ ಕಾಲೇಜಿನಲ್ಲಿ ಎಲ್ಲೆಲ್ಲೂ ಇದೆ. ಲೈನ್‌ಮನ್‌ಗಳೆಲ್ಲ ಓಟಕ್ಕೆ ದಾರಿ ಮಾಡುವಂತೆ ಮುನ್ನುಗ್ಗುತ್ತಾರೆ. ಕ್ವಾರ್ಟರ್‌ಬ್ಯಾಕ್ ಒಬ್ಬನೇ ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡುತ್ತಾನೆ. ಅವನು ಓಟದ ಕಡೆ ಬಂದರೆ ಅವನ ಬೆನ್ನ ಹಿಂದಿನ ಜಾಗಕ್ಕೆ ಪಾಸ್, ನಿಂತಲ್ಲೇ ನಿಂತರೆ ಓಟ. ಪಾಸ್ ಆದರೆ ಲೈನ್‌ಮನ್‌ಗಳು ಎಷ್ಟು ಮುಂದೆ ಹೋಗಿರಬಹುದು? ಕಾಲೇಜಿನಲ್ಲಿ 3 ಗಜ, ಎನ್‌ಎಫ್‌ಎಲ್‌ನಲ್ಲಿ 1 ಗಜ. ಆ ಎರಡು ಗಜವೆಂದರೆ ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಸಿಗುವ ಒಂದು ಹೆಜ್ಜೆಯ ಹೊತ್ತು. ಕಾಲೇಜಿನ ಚಿತ್ರಣದಲ್ಲಿ ಬಹಳ ಚಂದ ಕಾಣುವ ಪಾಸ್‌ಗಳಲ್ಲಿ ಎಷ್ಟೋ ಎನ್‌ಎಫ್‌ಎಲ್‌ನಲ್ಲಿ ದಂಡಕ್ಕೆ ಗುರಿಯಾಗುತ್ತವೆ.

ಇನ್ನು ಆಟ ಹೇಳಿಕೊಡುವ ಬಗೆ. ಕಾಲೇಜು ಪಂದ್ಯದಲ್ಲಿ ಅಂಚಿನಲ್ಲಿ ನಿಂತವರು ದೊಡ್ಡ ದೊಡ್ಡ ಚಿತ್ರದ ಹಲಗೆ ಎತ್ತಿ ಹಿಡಿಯುವುದು, ಇನ್ನು ಕೆಲವರು ಕೈಕೈ ಬೀಸಿ ಸಂಜ್ಞೆ ಮಾಡುವುದು ನೋಡಿದ್ದೀರಿ. ತಂಡ ಗುಂಪು ಸೇರುವುದೇ ಇಲ್ಲ. ಎಲ್ಲರೂ ಬೇಗ ಬಂದು ಸಾಲಾಗಿ ನಿಲ್ಲುತ್ತಾರೆ, ರಕ್ಷಣೆ ತನ್ನ ರೂಪ ತೋರಿಸುತ್ತದೆ, ಆಗ 11 ಜನರೂ ಒಟ್ಟಿಗೆ ತಲೆ ತಿರುಗಿಸಿ ಅಂಚಿನತ್ತ ನೋಡುತ್ತಾರೆ. ಮೇಲೆ ಗಾಜಿನ ಕೋಣೆಯಲ್ಲಿ ಕೂತ ಕೋಚ್ ರಕ್ಷಣೆಯನ್ನು ಓದಿ, ಹೊಸ ಆಟ ಆರಿಸಿ, ಕೆಳಗೆ ತಿಳಿಸಿರುತ್ತಾನೆ. ಅಂದರೆ ಆ ಓದು 45 ವರ್ಷದ ಕೋಚ್‌ನದು, 20 ವರ್ಷದ ಹುಡುಗನದಲ್ಲ. ಆಬರ್ನ್‌ನಿಂದ ಬಂದ ಕ್ಯಾಮ್ ನ್ಯೂಟನ್ 2011ರ ಡ್ರಾಫ್ಟ್‌ಗೆ ಮುಂಚೆ ಟಿವಿಯಲ್ಲಿ ತಮ್ಮ ಕಾಲೇಜಿನ ಪದ್ಧತಿ ವಿವರಿಸಿದ್ದರು: ಹಲಗೆಯಲ್ಲಿ 36 ಎಂದು ಕಂಡರೆ ಅದೇ ಆಟ, ಅಷ್ಟೇ.

ಎನ್‌ಎಫ್‌ಎಲ್‌ನಲ್ಲಿ ಒಂದು ಆಟದ ಹೆಸರೇ ಹತ್ತು ಹದಿನೈದು ಪದ ಇರಬಹುದು. ಯಾರು ಎಲ್ಲಿ ನಿಲ್ಲಬೇಕು, ಯಾರು ಸ್ನ್ಯಾಪ್‌ಗೆ ಮುಂಚೆ ಜಾಗ ಬದಲಿಸಬೇಕು, ಲೈನ್‌ಮನ್‌ಗಳು ಹೇಗೆ ಕಾಯಬೇಕು, ಪ್ರತಿ ರಿಸೀವರ್‌ನ ದಾರಿ, ಕೊನೆಗೆ ಸ್ನ್ಯಾಪ್ ಎಷ್ಟನೇ ಕೂಗಿಗೆ. ಹಲವು ಸಲ ಒಂದೇ ಕರೆಯಲ್ಲಿ ಎರಡು ಆಟ ಇರುತ್ತವೆ. ಮೊದಲನೆಯದು ರಕ್ಷಣೆಗೆ ಹೊಂದದಿದ್ದರೆ ಕ್ವಾರ್ಟರ್‌ಬ್ಯಾಕ್ 'ಕಿಲ್, ಕಿಲ್' ಎಂದೋ 'ಕ್ಯಾನ್, ಕ್ಯಾನ್' ಎಂದೋ ಕೂಗಿ ಎರಡನೆಯದಕ್ಕೆ ಹೋಗಬೇಕು. ಮುಂದಿನ ಸಲ ಟಿವಿ ದನಿ ಏರಿಸಿ ಕೇಳಿ, ಸ್ಪಷ್ಟವಾಗಿ ಕೇಳಿಸುತ್ತದೆ.

ಗಡಿಯಾರದ ಕಡೆ ನೋಡಿ. ಹಿಂದಿನ ಆಟ ಮುಗಿದ ಕ್ಷಣದಿಂದ 40 ಸೆಕೆಂಡು. ಕೋಚ್‌ನ ಮಾತು ಹೆಲ್ಮೆಟ್ ಒಳಗಿನ ರೇಡಿಯೊದಲ್ಲಿ ಬರುತ್ತದೆ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಇದಕ್ಕೆ ಅವಕಾಶ ಇದೆ. ಹುಡುಗ ಅದನ್ನು ಕೇಳಿ, ತಪ್ಪಿಲ್ಲದೆ ಹತ್ತು ಜನರಿಗೆ ಒಪ್ಪಿಸಿ, ಗುಂಪು ಚದುರಿಸಿ, ಸಾಲಿಗೆ ಬರುವಷ್ಟರಲ್ಲಿ ಗಡಿಯಾರ 15ರ ಆಸುಪಾಸಿಗೆ ಬಂದಿರುತ್ತದೆ. 15ಕ್ಕೆ ರೇಡಿಯೊ ತಾನಾಗಿ ಕಡಿತ. ಅಲ್ಲಿಂದಾಚೆಗೆ ಅವನು ಒಬ್ಬನೇ.

ಈ 15 ಸೆಕೆಂಡಿನ ನಿಯಮದ ಮೇಲೆ ಜ್ಯಾರೆಡ್ ಗಾಫ್ ಅವರ ಕಥೆಯೇ ನಿಂತಿದೆ. 2016ರ ಮೊದಲ ಆಯ್ಕೆ, ಬರ್ಕ್ಲಿಯಿಂದ ಬಂದವರು. ಮೊದಲ ವರ್ಷ ರ್‍ಯಾಮ್ಸ್‌ಗೆ ಏಳು ಪಂದ್ಯ ಆರಂಭಿಸಿ ಏಳನ್ನೂ ಸೋತರು. 5 ಟಚ್‌ಡೌನ್, 7 ಇಂಟರ್ಸೆಪ್ಷನ್ (ಎದುರಾಳಿ ಹಿಡಿದುಬಿಟ್ಟ ಪಾಸ್). ಮುಂದಿನ ವರ್ಷ ಶಾನ್ ಮೆಕ್ವೇ ಕೋಚ್ ಆಗಿ ಬಂದರು. ತಂಡವನ್ನು ಬೇಗ ಸಾಲಿಗೆ ನಿಲ್ಲಿಸಿ, ರೇಡಿಯೊ ಇನ್ನೂ ಜೀವಂತ ಇರುವಾಗಲೇ ರಕ್ಷಣೆಯ ರೂಪ ನೋಡಿ ಗಾಫ್ ಕಿವಿಯಲ್ಲಿ ಹೇಳುತ್ತಿದ್ದರು. ಕಾಲೇಜಿನ ಹಲಗೆಯನ್ನೇ ಹೆಲ್ಮೆಟ್ ಒಳಗೆ ತಂದಂತಾಯಿತು. 2017ರಲ್ಲಿ 28 ಟಚ್‌ಡೌನ್, 7 ಇಂಟರ್ಸೆಪ್ಷನ್. ಮರುವರ್ಷ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೇ ಹೋದರು. ಅಲ್ಲಿ ಪೇಟ್ರಿಯಟ್ಸ್ ಎದುರು ಇಡೀ ಪಂದ್ಯದಲ್ಲಿ ರ್‍ಯಾಮ್ಸ್ ಗಳಿಸಿದ್ದು 3 ಅಂಕ. ಕೋಚ್ ಕೊಟ್ಟ ಊರುಗೋಲಿನಿಂದ ಎಷ್ಟು ದೂರ ಹೋಗಬಹುದು, ಎಲ್ಲಿ ಅದು ಸಾಲದು ಎಂಬುದು ಎರಡೂ ಒಬ್ಬರಲ್ಲೇ ಕಾಣುತ್ತವೆ. ಗಾಫ್ ಬಗ್ಗೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಮುಂದೆ ಡೆಟ್ರಾಯಿಟ್‌ಗೆ ಹೋದ ಮೇಲೆ ಅವರು ಆ ಊರುಗೋಲು ಬಿಟ್ಟು ನಡೆದು ತೋರಿಸಿದರು.

ಈಗ ಸ್ನ್ಯಾಪ್ ಆಯಿತು ಎಂದುಕೊಳ್ಳಿ. ಕೈಯಲ್ಲಿ ಎರಡೂವರೆಯಿಂದ ಮೂರು ಸೆಕೆಂಡು. ಅಷ್ಟರಲ್ಲಿ ಏನೇನು ಆಗಬೇಕು?

ಒಂದು, ಕಾವಲು. ನಿಜವಾಗಿ ಇದು ಸ್ನ್ಯಾಪ್‌ಗೆ ಮುಂಚಿನ ಕೆಲಸ. ಕ್ವಾರ್ಟರ್‌ಬ್ಯಾಕ್ ಎದುರಿನ ಒಬ್ಬ ಲೈನ್‌ಬ್ಯಾಕರ್‌ನನ್ನು ಬೊಟ್ಟು ಮಾಡಿ '54 ಮೈಕ್' ಎಂದು ಕೂಗುತ್ತಾನಲ್ಲ, ಅಲ್ಲಿಂದ ಲೈನ್‌ಮನ್‌ಗಳ ಎಣಿಕೆ ಶುರು: ಯಾರು ಯಾರನ್ನು ತಡೆಯಬೇಕು, ಓಟಗಾರನ ಪಾಲಿಗೆ ಯಾರು. ಆ ಬೊಟ್ಟು ತಪ್ಪಿದರೆ ಒಬ್ಬನಿಗೆ ಇಬ್ಬರು ಕಾವಲು, ಇನ್ನೊಬ್ಬನಿಗೆ ಯಾರೂ ಇಲ್ಲ. ಕಾಯುವವರು ಆರು ಜನ ಇದ್ದು ಏಳು ಜನ ನುಗ್ಗಿದರೆ ಒಬ್ಬ ಬಿಡುಬೀಸಾಗಿ ಬಂದೇ ಬರುತ್ತಾನೆ. ಅವನು ಎಲ್ಲಿಂದ ಬರುತ್ತಾನೆಂದು ಮೊದಲೇ ತಿಳಿದು, ಅವನು ಬಿಟ್ಟು ಬಂದ ಜಾಗಕ್ಕೆ ತಕ್ಷಣ ಎಸೆಯಬೇಕು. ಇದಕ್ಕೆ ಹಾಟ್ ಎನ್ನುತ್ತಾರೆ. ಹಲವು ಆಟಗಳಲ್ಲಿ ರಿಸೀವರ್ ಕೂಡ ಅದನ್ನೇ ನೋಡಿ ತನ್ನ ದಾರಿಯನ್ನು ಮೊಟಕು ಮಾಡಬೇಕು. ಇಬ್ಬರಲ್ಲಿ ಒಬ್ಬ ಕಂಡು ಇನ್ನೊಬ್ಬ ಕಾಣದಿದ್ದರೆ ಚೆಂಡು ಯಾರೂ ಇಲ್ಲದ ಕಡೆ ಹೋಗಿ ಬೀಳುತ್ತದೆ. ನಾವು ಸೋಫಾದಲ್ಲಿ ಕೂತು 'ಎಂಥಾ ಕೆಟ್ಟ ಎಸೆತ' ಎನ್ನುತ್ತೇವೆ. ಕೈಯ ತಪ್ಪಲ್ಲ, ಆ ವಾರದ ಪಾಠದ ತಪ್ಪು.

ಇದಕ್ಕೆ ಎನ್‌ಎಫ್‌ಎಲ್ ರಕ್ಷಣೆಯವರು ಕಂಡುಕೊಂಡ ಪ್ರತಿತಂತ್ರ ಬಲು ಕೆಟ್ಟದ್ದು. ಸಾಲಿನ ಮೇಲೆ ಆರು ಜನ ನಿಂತು ನುಗ್ಗುವಂತೆ ನಟಿಸುತ್ತಾರೆ. ಬರುವುದು ನಾಲ್ಕೇ ಜನ, ಆದರೆ ಯಾವ ನಾಲ್ವರು ಎಂಬುದು ಗೊತ್ತಿಲ್ಲ. ಹುಡುಗ ಹಾಟ್ ಎಂದು ಭಾವಿಸಿ ಒಳಗಿನ ಪುಟ್ಟ ಪಾಸ್ ಎಸೆಯುತ್ತಾನೆ. ನುಗ್ಗುತ್ತೇನೆಂದು ನಟಿಸಿದ 270 ಪೌಂಡ್‌ನ ಎಂಡ್ (ರಕ್ಷಣೆಯ ಮುಂಸಾಲಿನ ತುದಿಯಲ್ಲಿ ನಿಲ್ಲುವವನು) ಹಿಂದಕ್ಕೆ ಸರಿದು ಸರಿಯಾಗಿ ಆ ಜಾಗದಲ್ಲೇ ನಿಂತಿರುತ್ತಾನೆ. ಚೆಂಡು ಅವನ ಹೊಟ್ಟೆಗೆ.

ಎರಡು, ಹಿಂದಿನ ಸೇಫ್ಟಿಗಳು. ಆಗ ಬಿಟ್ಟ ಮಾತು ಇದು. ಸ್ನ್ಯಾಪ್‌ಗೆ ಮುಂಚೆ ಇಬ್ಬರೂ 12 ಗಜ ಹಿಂದೆ ಸಮವಾಗಿ ನಿಂತಿದ್ದಾರೆ. ಸ್ನ್ಯಾಪ್ ಆದೊಡನೆ ಒಬ್ಬ ನಡುವೆ ಆಳಕ್ಕೆ ಓಡುತ್ತಾನೆ, ಇನ್ನೊಬ್ಬ ಕೆಳಗಿಳಿದು ಅಡ್ಡ ಓಡುವ ರಿಸೀವರ್ ದಾರಿಗೆ ಬರುತ್ತಾನೆ. ಮೊದಲಿನ ಚಿತ್ರದಲ್ಲಿ ಸರಿಯಾಗಿದ್ದ ಎಸೆತ ಎರಡನೇ ಚಿತ್ರದಲ್ಲಿ ಇಂಟರ್ಸೆಪ್ಷನ್. ಕ್ರಿಕೆಟ್ ಬಲ್ಲವರಿಗೆ ಹೀಗೆ ಹೇಳಬಹುದು: ಕಾಲೇಜಿನಲ್ಲಿ ಬೌಲರ್ ಮಣಿಕಟ್ಟು ನೋಡಿಯೇ ಗೂಗ್ಲಿ ಯಾವುದೆಂದು ಹೇಳಬಹುದು, ಇಲ್ಲಿ ಚೆಂಡು ಪಿಚ್ ಮೇಲೆ ಬಿದ್ದ ಮೇಲೆ ಆಡಬೇಕು. ಅದೂ ಹಿಂದಕ್ಕೆ ಹೆಜ್ಜೆ ಹಾಕುತ್ತ, ಕೆಲವು ಆಟಗಳಲ್ಲಿ ನಕಲಿ ಹಸ್ತಾಂತರ ಮಾಡಲು ರಕ್ಷಣೆಗೆ ಬೆನ್ನು ತಿರುಗಿಸಿ, ಮತ್ತೆ ತಿರುಗಿದಾಗ ಚಿತ್ರ ಪೂರ್ತಿ ಬದಲಾಗಿರುವ ಹೊತ್ತಿನಲ್ಲಿ. ಕಾಲೇಜಿನಲ್ಲಿ ಹೆಚ್ಚಿನವರು ಸ್ನ್ಯಾಪ್ ಪಡೆಯುವುದೇ ಐದು ಗಜ ಹಿಂದೆ ನಿಂತು, ಶಾಟ್‌ಗನ್‌ನಲ್ಲಿ. ಕಣ್ಣು ರಕ್ಷಣೆಯಿಂದ ಕದಲುವುದೇ ಇಲ್ಲ. ಸೆಂಟರ್ ಬೆನ್ನಿಗೆ ಅಂಟಿ ನಿಂತು ಚೆಂಡು ಪಡೆದು, ಮೂರು, ಐದು, ಏಳು ಹೆಜ್ಜೆ ಹಿಂದೆ ಸರಿಯುವ ಪಾದದ ಪಾಠ ಅವರಿಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಹೊಸದು.

ಮೂರು, ಹೊತ್ತು. ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ. 12 ಗಜ ಓಡಿ ಹೊರಕ್ಕೆ ತಿರುಗುವ ಪಾಸ್ ತಗೊಳ್ಳಿ. ಎನ್‌ಎಫ್‌ಎಲ್‌ನಲ್ಲಿ ಐದನೇ ಹೆಜ್ಜೆಯ ಹಿಂಗಾಲು ನೆಲಕ್ಕೆ ತಾಗಿದೊಡನೆ ಚೆಂಡು ಹೊರಡಬೇಕು. ರಿಸೀವರ್ ಆಗ ಇನ್ನೂ ಬೆನ್ನು ಹಾಕಿ ಓಡುತ್ತಿರುತ್ತಾನೆ. ಅವನು ತಿರುಗಿದಾಗ ಚೆಂಡು ಗಾಳಿಯಲ್ಲಿದೆ. ಕಾಲೇಜಿನಲ್ಲಿ ಹುಡುಗ ರಿಸೀವರ್ ತಿರುಗುವುದನ್ನು ಕಣ್ಣಾರೆ ಕಂಡು, ಯಾರೂ ಹತ್ತಿರ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಎಸೆದರೂ ನಡೆಯುತ್ತದೆ. ಎಷ್ಟು ತಡವಾಯಿತು? 0.3 ಸೆಕೆಂಡು ಇರಬಹುದು. ಗಂಟೆಗೆ 18 ಮೈಲಿ ವೇಗದಲ್ಲಿ ಓಡುವ, ರಿಸೀವರ್‌ನನ್ನು ತಡೆಯಬೇಕಾದ ಕಾರ್ನರ್‌ಬ್ಯಾಕ್ ಆ 0.3 ಸೆಕೆಂಡಿನಲ್ಲಿ 8 ಅಡಿ ಬರುತ್ತಾನೆ. ಎನ್‌ಎಫ್‌ಎಲ್‌ನಲ್ಲಿ 'ತೆರೆದ ರಿಸೀವರ್' ಎಂದರೆ ಅವನ ಸುತ್ತ ಅಷ್ಟೂ ಜಾಗ ಇರುವುದಿಲ್ಲ.

ಕಾಲೇಜಿನಲ್ಲಿ ಆ ತಡ ಏಕೆ ನಡೆಯುತ್ತದೆ ಎಂಬುದಕ್ಕೆ ಸರಳ ಲೆಕ್ಕ ಇದೆ. ಮೇಲ್ದರ್ಜೆಯ ಕಾಲೇಜು ತಂಡಗಳು 130ಕ್ಕೂ ಹೆಚ್ಚು, ಒಂದೊಂದರಲ್ಲೂ ಬಹುಕಾಲ 85 ಜನ ಸ್ಕಾಲರ್‌ಶಿಪ್ ಆಟಗಾರರು. ಡ್ರಾಫ್ಟ್‌ನ ಏಳು ಸುತ್ತುಗಳಲ್ಲಿ ವರ್ಷಕ್ಕೆ ಆಯ್ಕೆಯಾಗುವವರು ಸುಮಾರು 260. ಕಾಲೇಜು ಪಂದ್ಯದಲ್ಲಿ ಎದುರು ನಿಂತ 11 ಜನರಲ್ಲಿ ಎನ್‌ಎಫ್‌ಎಲ್‌ಗೆ ಹೋಗುವವರು ಇಬ್ಬರು ಇದ್ದರೆ ಹೆಚ್ಚು. ಕೋಚ್ ಮಾಡುವುದಿಷ್ಟೇ, ಉಳಿದವರಲ್ಲಿ ಅತ್ಯಂತ ದುರ್ಬಲ ಯಾರೆಂದು ಹುಡುಕಿ ಆ 19 ವರ್ಷದ ಹುಡುಗನ ಮೇಲೆ ದಿನವಿಡೀ ಎಸೆಸುವುದು. ದೊಡ್ಡ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಆಗಿದ್ದರೆ ಅವನ ರಿಸೀವರ್‌ಗಳೂ ಲೈನ್‌ಮನ್‌ಗಳೂ ಎದುರಾಳಿಗಿಂತ ಬಲಿಷ್ಠರು. ಅವನ ಅಂಕಿಅಂಶದಲ್ಲಿ ಅವರ ಪಾಲು ಎಷ್ಟೆಂದು ಯಾರೂ ಬಿಡಿಸಿ ಬರೆಯುವುದಿಲ್ಲ.

ಅಂಕಿಅಂಶ ಎಂದೊಡನೆ ಒಂದು ತಮಾಷೆ ನೆನಪಾಗುತ್ತದೆ, ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಸ್ಯಾಕ್‌ನಿಂದ ಹೋದ ಗಜಗಳನ್ನು ಓಟದ ಲೆಕ್ಕದಲ್ಲಿ ಕಳೆಯುತ್ತಾರೆ, ಎನ್‌ಎಫ್‌ಎಲ್‌ನಲ್ಲಿ ತಂಡದ ಪಾಸ್ ಲೆಕ್ಕದಲ್ಲಿ. ಹಾಗಾಗಿ ಕಾಲೇಜು ಕ್ವಾರ್ಟರ್‌ಬ್ಯಾಕ್‌ನ ಪಾಸ್ ಅಂಕಿ ನೋಡಿದರೆ ಅವನು ಎಷ್ಟು ಸಲ ಚೆಂಡು ಹಿಡಿದುಕೊಂಡೇ ಕೆಳಗೆ ಬಿದ್ದ ಎಂಬ ಸುಳಿವೇ ಸಿಗದು. ಸಿಗಬೇಕಾದದ್ದು ಅದೇ. ಒತ್ತಡ ಬಂದಾಗ ಚೆಂಡು ಬಿಡುವವನೋ, ಬಿದ್ದುಹೋಗುವವನೋ ಎಂಬುದು ಕಾಲೇಜಿನಿಂದ ಎನ್‌ಎಫ್‌ಎಲ್‌ಗೆ ಬೆನ್ನಿಗಂಟಿ ಬರುವ ಅಭ್ಯಾಸ. ಕಾಲೇಜಿನಲ್ಲಿ ಲೈನ್‌ಮನ್‌ನಿಂದ ತಪ್ಪಿಸಿಕೊಂಡು, ಹಿಂದಕ್ಕೆ ಓಡಿ, ಐದಾರು ಸೆಕೆಂಡು ಕಳೆದು 40 ಗಜ ಎಸೆದರೆ ಅದು ಸುದ್ದಿಚಿತ್ರ. ಎನ್‌ಎಫ್‌ಎಲ್‌ನಲ್ಲಿ ಅಟ್ಟಿಸಿಕೊಂಡು ಬರುವವನು ಅವನಿಗಿಂತ ವೇಗ. ಆ ಹಿಂದೋಟ 14 ಗಜದ ನಷ್ಟ.

ಇಲ್ಲಿಯವರೆಗೆ ಹುಡುಗನ ಕೆಲಸದ ಮಾತು. ಈಗ ಅವನು ಹೋಗುವ ಮನೆಯ ಮಾತು. ನನ್ನ ಮಟ್ಟಿಗೆ ಸೋಲಿನ ದೊಡ್ಡ ಪಾಲು ಇಲ್ಲೇ ಇದೆ.

ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ. ಸಮಾನತೆಗಾಗಿ ಮಾಡಿದ ನಿಯಮ, ಒಪ್ಪೋಣ. ಆದರೆ ಅಷ್ಟು ಸೋತ ತಂಡದಲ್ಲಿ ಕೆಟ್ಟದ್ದು ಕ್ವಾರ್ಟರ್‌ಬ್ಯಾಕ್ ಒಬ್ಬನೇ ಆಗಿರುವುದು ಅಪರೂಪ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತನ್ನ ಮೊಟ್ಟಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಅವರನ್ನು ತೆಗೆದುಕೊಂಡಿತು. ಮೊದಲ ವರ್ಷವೇ 76 ಸ್ಯಾಕ್, ಒಂದು ಸೀಸನ್‌ನ ದಾಖಲೆ. ಅಷ್ಟು ಸಲ ಬಿದ್ದವನು ರಿಸೀವರ್‌ನನ್ನು ನೋಡುವುದು ಬಿಟ್ಟು ನುಗ್ಗುವವರನ್ನು ನೋಡಲು ಕಲಿಯುತ್ತಾನೆ. ಕಣ್ಣು ಒಮ್ಮೆ ಕೆಳಗಿಳಿದರೆ ಮತ್ತೆ ಮೇಲೆತ್ತುವುದು ಬಲು ಕಷ್ಟ. 2023ರಲ್ಲಿ ಕ್ಯಾರೊಲೈನಾ ಮೊದಲ ಆಯ್ಕೆ ಪಡೆಯಲು ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನೂ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಶಿಕಾಗೋಗೆ ಕೊಟ್ಟು ಬ್ರೈಸ್ ಯಂಗ್ ಅವರನ್ನು ತಂದಿತು. ಎಸೆಯುವವನನ್ನು ತರಲು ಹಿಡಿಯುವವನನ್ನು ಮಾರಿದ್ದು! 62 ಸ್ಯಾಕ್, 17 ಪಂದ್ಯಗಳಲ್ಲಿ 2 ಗೆಲುವು, 11 ಪಂದ್ಯ ಮುಗಿಯುವಷ್ಟರಲ್ಲಿ ಮುಖ್ಯ ಕೋಚ್ ವಜಾ. ಮುಂದಿನ ವರ್ಷ ಎರಡು ಪಂದ್ಯಕ್ಕೇ ಯಂಗ್ ಬೆಂಚಿಗೆ.

ಅಲೆಕ್ಸ್ ಸ್ಮಿತ್ ಅವರ ಉದಾಹರಣೆ ಸ್ವಲ್ಪ ನಿಧಾನವಾಗಿ ನೋಡಬೇಕು. 2004ರಲ್ಲಿ ಯೂಟಾ ವಿಶ್ವವಿದ್ಯಾಲಯ 12ಕ್ಕೆ 12 ಗೆದ್ದಾಗ ಅವರದು 32 ಟಚ್‌ಡೌನ್, 4 ಇಂಟರ್ಸೆಪ್ಷನ್. 2005ರ ಮೊದಲ ಆಯ್ಕೆಯಾಗಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ ಬಂದರು. ಮೊದಲ ವರ್ಷ 1 ಟಚ್‌ಡೌನ್, 11 ಇಂಟರ್ಸೆಪ್ಷನ್. ಸರಿ, ಹೊಸಬ. ಆದರೆ 2005ರಿಂದ 2011ರವರೆಗೆ ಅವರ ಆಕ್ರಮಣದ ಸಂಯೋಜಕರ, ಅಂದರೆ ಆಕ್ರಮಣದ ಆಟಗಳನ್ನು ರೂಪಿಸುವ ಕೋಚ್‌ಗಳ ಪಟ್ಟಿ ಕೇಳಿ: ಮೆಕಾರ್ಥಿ, ಟರ್ನರ್, ಹಾಸ್ಲರ್, ಮಾರ್ಟ್ಜ್, ರೇ, ಜಾನ್ಸನ್, ರೋಮನ್. ಏಳು ಸೀಸನ್, ಏಳು ಜನ. ಮೆಕಾರ್ಥಿ ಪದ್ಧತಿಯಲ್ಲಿ ಆಟಕ್ಕೆ ಪದಗಳ ಸಾಲು. ಟರ್ನರ್ ಮತ್ತು ಮಾರ್ಟ್ಜ್ ಪದ್ಧತಿಯಲ್ಲಿ ರಿಸೀವರ್‌ಗಳ ದಾರಿಗೆ ಅಂಕೆಗಳು: 9 ಎಂದರೆ ನೇರ ಆಳಕ್ಕೆ, 8 ಎಂದರೆ ಆಳದಲ್ಲಿ ಒಳಕ್ಕೆ. ಮೂರು ಅಂಕೆ ಒಟ್ಟಿಗೆ ಕೇಳಿದರೆ ಮೂವರ ದಾರಿ. ದಾರಿ ಅದೇ, ಹೆಸರು ಬೇರೆ, ಮೊದಲು ನೋಡಬೇಕಾದ ರಿಸೀವರ್ ಬೇರೆ, ಪಾದದ ಎಣಿಕೆ ಬೇರೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದರಲ್ಲೇ ಪ್ರತಿ ವಸಂತ ಕಳೆಯಿತು. 2011ರಲ್ಲಿ ಜಿಮ್ ಹಾರ್ಬಾ ಮುಖ್ಯ ಕೋಚ್ ಆಗಿ ಬಂದರು. ಅದೇ ಸ್ಮಿತ್, 17 ಟಚ್‌ಡೌನ್, 5 ಇಂಟರ್ಸೆಪ್ಷನ್. ತಂಡ 13 ಗೆದ್ದು 3 ಸೋತಿತು. ಆರು ವರ್ಷ ಎಲ್ಲರೂ ಅವರನ್ನು ಡ್ರಾಫ್ಟ್‌ನ ತಪ್ಪು ಎಂದೇ ಕರೆದಿದ್ದರು. ಅದೇ 2005ರಲ್ಲಿ 24ನೆಯವರಾಗಿ ಹೋದ ಏರನ್ ರಾಜರ್ಸ್ ಗ್ರೀನ್ ಬೇಯಲ್ಲಿ ಮೂರು ವರ್ಷ ಬ್ರೆಟ್ ಫಾವ್ರ್ ಹಿಂದೆ ಕೂತು ಕಲಿತರು. ಇಬ್ಬರ ಜಾಗ ಅದಲುಬದಲಾಗಿದ್ದರೆ ಏನಾಗುತ್ತಿತ್ತೋ, ಯೋಚಿಸಿ.

ಹಾಗಾದರೆ ಎಲ್ಲರನ್ನೂ ಮೂರು ವರ್ಷ ಕೂರಿಸಬಾರದೇ? ಇಲ್ಲಿ ದುಡ್ಡು ಬರುತ್ತದೆ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಖಾತರಿ ಹಣವೇ 5 ಕೋಟಿ ಡಾಲರ್. ಮರುವರ್ಷ ಆಟಗಾರರ ಸಂಘದೊಂದಿಗೆ ಹೊಸ ಒಪ್ಪಂದವಾಗಿ, 2011ರ ಮೊದಲ ಆಯ್ಕೆ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 2.2 ಕೋಟಿ. ಕ್ವಾರ್ಟರ್‌ಬ್ಯಾಕ್ ಅಗ್ಗವಾದರೆ ತಾಳ್ಮೆ ಹೆಚ್ಚಬೇಕಲ್ಲವೇ? ಆದದ್ದು ಉಲ್ಟಾ. ಅವನು ಅಗ್ಗವಾಗಿರುವ ನಾಲ್ಕೈದು ವರ್ಷದಲ್ಲೇ ಉಳಿದ ಹಣದಿಂದ ಬೇರೆಯವರನ್ನು ಕೊಂಡು ಗೆಲ್ಲಬೇಕು ಎಂಬ ಅವಸರ ಹುಟ್ಟಿತು. ಸೆಪ್ಟೆಂಬರ್‌ನಲ್ಲೇ ಇಳಿಸು.

ಅದೇ ಒಪ್ಪಂದ ಅಭ್ಯಾಸವನ್ನೂ ಕಡಿಮೆ ಮಾಡಿತು: ಇಡೀ ಸೀಸನ್‌ಗೆ ಪೂರ್ಣ ಕವಚ ತೊಟ್ಟ ಅಭ್ಯಾಸ 14 ಮಾತ್ರ. ಮೈ ಉಳಿಯಲು ಒಳ್ಳೆಯದು, ಕಲಿಕೆಗೆ ಅಲ್ಲ. ವಾರದ ಕ್ರಮ ಸಾಮಾನ್ಯವಾಗಿ ಹೀಗೆ: ಬುಧವಾರ ಮೊದಲ ಮತ್ತು ಎರಡನೇ ಯತ್ನದ ಆಟಗಳು, ಗುರುವಾರ ಮೂರನೇ ಯತ್ನದವು, ಶುಕ್ರವಾರ ಕೊನೆಯ 20 ಗಜದವು, ಶನಿವಾರ ನಡೆದು ನೋಡುವುದು. ಈ ಅಭ್ಯಾಸದ ಬಹುಪಾಲು ಎಸೆತ ಆ ವಾರ ಆಡುವವನಿಗೆ. ಬೆಂಚಿನ ಹುಡುಗ ಎದುರಾಳಿಯ ಆಟಗಳನ್ನು ಕಾರ್ಡ್ ನೋಡಿ ಅನುಕರಿಸುತ್ತಾನೆ. ಕೂತರೆ ಕಲಿಯುತ್ತಾನೆ ಎನ್ನುವುದು ಅರ್ಧ ಸತ್ಯ. ಕಲಿಸುವವರು ಇದ್ದರೆ ಕಲಿಯುತ್ತಾನೆ. 2017ರಲ್ಲಿ ಹತ್ತನೇ ಆಯ್ಕೆಯಾಗಿ ಕ್ಯಾನ್ಸಸ್ ಸಿಟಿಗೆ ಬಂದ ಪ್ಯಾಟ್ರಿಕ್ ಮಹೋಮ್ಸ್ ಆ ವರ್ಷ ಆಡಿದ್ದು ಕೊನೆಯ ಒಂದು ಪಂದ್ಯ. ಅವರು ಕೂತದ್ದು ಯಾರ ಹಿಂದೆ ಗೊತ್ತೇ? ಇದೇ ಅಲೆಕ್ಸ್ ಸ್ಮಿತ್ ಹಿಂದೆ. ಮರುವರ್ಷ ಮಹೋಮ್ಸ್ 50 ಟಚ್‌ಡೌನ್ ಎಸೆದು ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ, ಆದರು. ಅವರು ಬಂದದ್ದು ಟೆಕ್ಸಸ್ ಟೆಕ್‌ನಿಂದ, ಸೈಮನ್ಸ್ ದಾಖಲೆ ಮಾಡಿದ ಅದೇ ಕಾಲೇಜಿನಿಂದ. 'ಆ ಪದ್ಧತಿಯಿಂದ ಬಂದವರು ನಡೆಯುವುದಿಲ್ಲ' ಎಂಬ ಮಾತು ಅಲ್ಲಿಗೆ ಮುಗಿಯಿತು.

ಎದುರು ಉದಾಹರಣೆಯನ್ನೂ ಮುಚ್ಚಿಡಬಾರದು. ಮುಂದೆ ದಿಗ್ಗಜರಾದ ಪೇಟನ್ ಮ್ಯಾನಿಂಗ್ 1998ರಲ್ಲಿ ಮೊದಲ ದಿನದಿಂದಲೇ ಆಡಿ 28 ಇಂಟರ್ಸೆಪ್ಷನ್ ಎಸೆದರು. ತಂಡ 3 ಗೆದ್ದು 13 ಸೋತಿತು. ಅವರ ಬೆನ್ನಿಗೇ ಎರಡನೇ ಆಯ್ಕೆಯಾಗಿ ಹೋಗಿ, ಬೇಗನೆ ಮರೆಯಾದ ರಯನ್ ಲೀಫ್ 2 ಟಚ್‌ಡೌನ್, 15 ಇಂಟರ್ಸೆಪ್ಷನ್. ಆ ಡಿಸೆಂಬರ್‌ನಲ್ಲಿ ಬರೀ ಇಂಟರ್ಸೆಪ್ಷನ್ ಎಣಿಸಿದ್ದರೆ ಮ್ಯಾನಿಂಗ್ ಅವರೇ ಕಳಪೆ ಎನಿಸುತ್ತಿದ್ದರು. ಮ್ಯಾನಿಂಗ್ ತಪ್ಪುಗಳು ಸರಿಯಾದ ಹೊತ್ತಿಗೆ, ಸರಿಯಾದ ರಿಸೀವರ್ ಕಡೆಗೆ ಹೋದ ಎಸೆತಗಳ ತಪ್ಪುಗಳು. ಅಂಥವನ್ನು ತಿದ್ದಬಹುದು.

ಗೆದ್ದ ಕಡೆಗಳಲ್ಲಿ ತಂಡವೂ ಬದಲಾಗಿದೆ ಎಂಬುದನ್ನು ಗಮನಿಸಿ. 36ರ ಹಲಗೆ ನೋಡಿ ಆಡುತ್ತಿದ್ದ ನ್ಯೂಟನ್‌ಗಾಗಿ ಕ್ಯಾರೊಲೈನಾ ಕಾಲೇಜಿನ ಓಟದ ಆಟಗಳನ್ನೇ ತನ್ನ ಪ್ಲೇಬುಕ್‌ಗೆ ಸೇರಿಸಿತು. ಮೊದಲ ಪಂದ್ಯದಲ್ಲೇ ಅವರು 422 ಗಜ ಎಸೆದರು. ಬಾಲ್ಟಿಮೋರ್ ಲಮಾರ್ ಜ್ಯಾಕ್ಸನ್ ಅವರಿಗಾಗಿ ಇಡೀ ಆಕ್ರಮಣವನ್ನು ಹೊಸದಾಗಿ ಕಟ್ಟಿತು. 2019ರಲ್ಲಿ ಅವರು ಒಮ್ಮತದ ಎಂವಿಪಿ. ಬಫಲೊದಲ್ಲಿ ಜಾಶ್ ಆಲನ್ ಮೊದಲ ವರ್ಷ ನೂರಕ್ಕೆ 52.8 ಪಾಸ್ ಮುಟ್ಟಿಸಿದರು, ಮೂರನೇ ವರ್ಷ 69.2. ನಡುವೆ ಆದದ್ದೆಂದರೆ ಅದೇ ಸಂಯೋಜಕ ಉಳಿದದ್ದು, ಎಸೆಯುವ ಪಾದ ತಿದ್ದಿದ್ದು, ಸ್ಟೆಫಾನ್ ಡಿಗ್ಸ್ ಅವರಂಥ ರಿಸೀವರ್ ಬಂದದ್ದು.

ನೀವು ಮುಂದಿನ ಶನಿವಾರ ಕಾಲೇಜು ಪಂದ್ಯ ನೋಡುವಾಗ ಟಚ್‌ಡೌನ್ ಎಣಿಸಬೇಡಿ. ಮೂರನೇ ಯತ್ನದಲ್ಲಿ 8 ಗಜ ಬೇಕಿರುವ ಆಟಗಳನ್ನು ಮಾತ್ರ ನೋಡಿ. ಅಲ್ಲಿ ಆರ್‌ಪಿಒ ಇಲ್ಲ, ಓಟದ ನಟನೆ ನಂಬುವವರಿಲ್ಲ. ಅವನ ಹೆಲ್ಮೆಟ್ ಒಂದೇ ಕಡೆ ನೆಟ್ಟಿದೆಯೇ, ಮೊದಲ ರಿಸೀವರ್‌ನಿಂದ ಎರಡನೆಯವನಿಗೆ ತಿರುಗುತ್ತದೆಯೇ? ತಿರುಗುವಾಗ ಪಾದವೂ ತಿರುಗುತ್ತದೆಯೇ? ರಿಸೀವರ್ ತಿರುಗುವ ಮುಂಚೆ ಚೆಂಡು ಕೈಬಿಟ್ಟಿತೇ? ಸ್ನ್ಯಾಪ್‌ಗೆ ಮುಂಚೆ ಲೈನ್‌ಮನ್‌ಗಳಿಗೆ ಬೊಟ್ಟು ಮಾಡುವವನು ಅವನೋ, ಸೆಂಟರೋ? ಅವನು ಅಂಚಿನತ್ತ ಎಷ್ಟು ಸಲ ತಲೆ ತಿರುಗಿಸಿದ? ಇಷ್ಟು ಸಾಕು. ಗುರುತು ಹಾಕಿಕೊಂಡರೆ ನಾಲ್ಕೈದು ಪಂದ್ಯಗಳಲ್ಲಿ ನಿಮಗೇ ಒಂದು ಅಂದಾಜು ಬರುತ್ತದೆ.

ಕಾಲೇಜು ಆಟವೂ ನಿಂತಲ್ಲೇ ನಿಂತಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು; ಹಾಗಾಗಿ ಅವಸರದಿಂದ ಡ್ರಾಫ್ಟ್‌ಗೆ ಬರುವ ಬದಲು ಇನ್ನೊಂದು ವರ್ಷ ಉಳಿಯುವವರು ಹೆಚ್ಚಿದ್ದಾರೆ. ಬೋ ನಿಕ್ಸ್ ಆಬರ್ನ್ ಮತ್ತು ಆರೆಗನ್ ಸೇರಿ 61 ಪಂದ್ಯ ಆರಂಭಿಸಿ 2024ರಲ್ಲಿ ಡೆನ್ವರ್‌ಗೆ ಬಂದರು, ಮೊದಲ ವರ್ಷವೇ 29 ಟಚ್‌ಡೌನ್ ಎಸೆದರು. ಜೇಡನ್ ಡೇನಿಯಲ್ಸ್ 55 ಪಂದ್ಯ ಆರಂಭಿಸಿದ ಮೇಲೆ ವಾಷಿಂಗ್ಟನ್‌ಗೆ ಬಂದು ಮೊದಲ ವರ್ಷವೇ 12 ಪಂದ್ಯ ಗೆಲ್ಲಿಸಿದರು. 2024ರಿಂದ ಮೇಲ್ದರ್ಜೆಯ ಕಾಲೇಜು ಪಂದ್ಯಗಳಲ್ಲೂ ಹೆಲ್ಮೆಟ್ ರೇಡಿಯೊ ಬಂದಿದೆ, ಅದೂ 15 ಸೆಕೆಂಡಿಗೆ ಕಡಿತವಾಗುತ್ತದೆ. ಹಲಗೆಗಳು ಕಡಿಮೆಯಾಗುತ್ತಿವೆ. ಹ್ಯಾಶ್ ಮಾರ್ಕ್ ಮಾತ್ರ ಇನ್ನೂ 40 ಅಡಿಯಲ್ಲೇ ಇದೆ.